ಎತ್ತರಿಸಿದ ಗಾಡಿಯಲ್ಲಿ ಕಲ್ಲುದಾರಿಗೆ ಹೊರಟವರಿಗೆ: ಅಡಿಯ ಬೋಲ್ಟುಗಳ ಬಗ್ಗೆ

ಸಸ್ಪೆನ್ಷನ್ ಎತ್ತರಿಸಿದ ಗಾಡಿಯಲ್ಲಿ ಕಲ್ಲುದಾರಿಗೆ ಹೊರಡುವವರು ನನ್ನನ್ನು ಕೇಳುವುದೆಲ್ಲ ಟೈರು, ವಿಂಚು, ಡೀಸೆಲ್ ಕ್ಯಾನಿನ ಬಗ್ಗೆಯೇ. ನಾವು ಹೋಗಿಬಂದ ದಾರಿಯಲ್ಲಿ ಗುಂಪನ್ನು ಮತ್ತೆ ಮತ್ತೆ ನಿಲ್ಲಿಸಿದ್ದು ಅವ್ಯಾವುವೂ ಅಲ್ಲ, ಸಡಿಲವಾದ ನಟ್ಟುಗಳು. ಅದೇ ತರಹದ ದಾರಿಗೆ ಹೋಗುವವರಿದ್ದರೆ ಇದನ್ನು ಓದಿ ಹೊರಡಿ.

ಮೊದಲ ಮಾತು: ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಸಸ್ಪೆನ್ಷನ್ ಭಾಗಗಳು) ಹಾಕಿಸಿದ ಮರುದಿನವೇ ಕಲ್ಲುದಾರಿಗೆ ಹೊರಡಬೇಡಿ. ಹೊಸ ಭಾಗಗಳ ಮೇಲಿನ ಬಣ್ಣ ನಟ್ಟಿನ ಒತ್ತಡಕ್ಕೆ ನುಜ್ಜಾಗುತ್ತದೆ, ಲೀಫ್ ಸ್ಪ್ರಿಂಗಿನ ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ. ನಟ್ಟು ತಿರುಗದೇ ಇದ್ದರೂ ಹಿಡಿತ ಕಡಿಮೆಯಾಗಿರುತ್ತದೆ. ಮಾಮೂಲಿ ರಸ್ತೆಯಲ್ಲಿ ನೂರು ಕಿಲೋಮೀಟರು ಓಡಿಸಿ, ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ (ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಅಳೆದು ಬಿಗಿಸುವ ಪಾನ) ಹಾಕಿ, ಐನೂರರ ಸುಮಾರಿಗೆ ಇನ್ನೊಮ್ಮೆ ಹಾಕಿ. ಆಮೇಲೆ ಹೊರಡಿ.

ಹೇಗೆ ಬಿಗಿಸುವುದು ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಮೂಲ ರಬ್ಬರ್ ಬುಷ್ಷಿನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟು ಒಳಕೊಳವೆಯನ್ನು ಬ್ರಾಕೆಟ್ಟಿಗೆ ಒತ್ತಿ ಹಿಡಿಯುತ್ತದೆ. ಚಕ್ರದ ಕಡೆಯನ್ನು ಚಾಸಿಗೆ ಜೋಡಿಸುವ ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗ ಪೂರಾ ಬಿಗಿದರೆ, ಇಳಿಸಿದ ಕ್ಷಣದಿಂದಲೇ ರಬ್ಬರು ಒಂದು ಕಡೆಗೆ ತಿರುಚಿಕೊಂಡು ಕೂತಿರುತ್ತದೆ. ಒಂದೊಂದು ಗುಂಡಿಯೂ ಆ ತಿರುಚನ್ನು ಹೆಚ್ಚಿಸಿ, ಅಂಚಿನಿಂದ ಸೀಳು ಶುರುವಾಗುತ್ತದೆ. ಹಾಗಾಗಿ ಜಾಕ್ ಮೇಲಿದ್ದಾಗ ಬೋಲ್ಟು ಕೂರುವಷ್ಟು ಮಾತ್ರ ಬಿಗಿಸಿ, ಗಾಡಿ ಇಳಿಸಿ, ಹಿಂದೆ ಮುಂದೆ ಒಂದೆರಡು ಸಲ ತಳ್ಳಿ, ತೂಕ ಚಕ್ರಗಳ ಮೇಲೆ ಸರಿಯಾಗಿ ಕೂತ ಮೇಲೆ ಪೂರ್ತಿ ಟಾರ್ಕ್ ಕೊಡಿ. ಚಕ್ರಕ್ಕೆ ಅಡ್ಡಗಟ್ಟೆ ಇಟ್ಟೇ ಅಡಿಗೆ ತೂರಬೇಕು. ಎತ್ತರಿಸಿದ ಗಾಡಿಯಲ್ಲಿ ಜಾಕ್ ಇಲ್ಲದೆಯೂ ತೂರಲು ಜಾಗ ಇರುತ್ತದೆ, ಖರ್ಚು ಮಾಡಿದ್ದಕ್ಕೆ ಅಷ್ಟಾದರೂ ಲಾಭ. ಅಂಟಿಲ್ಲದೆ ಕೊಳವೆಯ ಸುತ್ತ ಸಲೀಸಾಗಿ ತಿರುಗುವ ಪಾಲಿಯುರಿಥೇನ್ ಬುಷ್ಷಿಗೆ ಈ ತಾಪತ್ರಯ ಇಲ್ಲ, ಅದಕ್ಕೆ ಗ್ರೀಸ್ ಬೇಕು.

ಎಷ್ಟು ಟಾರ್ಕ್ ಅಂತ ಕಿಟ್ಟಿನ ಜೊತೆ ಬಂದ ಕಾಗದವನ್ನೇ ನೋಡಿ. ಬೋಲ್ಟು ಬದಲಾಗಿದ್ದರೆ ಗಾಡಿಯ ಪುಸ್ತಕದ ಅಂಕಿ ನಡೆಯುವುದಿಲ್ಲ. ಅಂಕಿಯ ಪಕ್ಕದ ಅಳತೆಯನ್ನೂ ಓದಿ: 100 ಪೌಂಡ್-ಅಡಿ ಅಂದರೆ ಸುಮಾರು 136 ನ್ಯೂಟನ್-ಮೀಟರ್. ಒಣ ಮರೆಗೆಂದು (ಮರೆ ಅಂದರೆ ಬೋಲ್ಟಿನ ಸುತ್ತಿನ ತಿರುಪು ಗೆರೆ) ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಮರೆಗೆ ಹಾಕಿದರೆ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಲೀಫ್ ಸ್ಪ್ರಿಂಗನ್ನು ಆ್ಯಕ್ಸಲ್ಲಿಗೆ ಕಟ್ಟಿ ಹಿಡಿಯುವ ಯು-ಬೋಲ್ಟು ಜೋಡಿಯ ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸಿ. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕದಿರುವುದು ಒಳ್ಳೆಯದು. ಇವು ಸಡಿಲವಾದರೆ ಹೊರೆ ಸ್ಪ್ರಿಂಗಿನ ನಡುವಿನ ಸಣ್ಣ ಪಿನ್ನಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ, ಆ್ಯಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.

ಡಾಂಬರು ಮುಗಿದು ಸಾಲು ಸಾಲು ಉಬ್ಬಿನ ಮಣ್ಣುದಾರಿ ಬಂದಾಗ ಅಸಲಿ ಪರೀಕ್ಷೆ. ಅಡ್ಡಕ್ಕೆ ಆಗುವ ನಡುಕ ನಟ್ಟನ್ನು ತಾನಾಗಿ ಬಿಚ್ಚುತ್ತದೆ ಅನ್ನುವುದನ್ನು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಸ್ಪ್ರಿಂಗ್ ವಾಷರ್ ನಂಬಿಕೊಂಡು ಕೂರಬೇಡಿ. ನೈಲಾನ್ ಇರುವ ನಟ್ಟನ್ನು ಒಮ್ಮೆ ಬಿಚ್ಚಿದರೆ ಹೊಸದು ಹಾಕಿ, ಹತ್ತಾರು ಜೊತೆಗಿರಲಿ. ಬಿಗಿಸಿದ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಸಂಜೆ ಟಾರ್ಚ್ ಹಿಡಿದು ನೋಡಿದರೆ ಗೆರೆ ತುಂಡಾದದ್ದು ಎಲ್ಲಿ ಅಂತ ತಟ್ಟನೆ ಕಾಣುತ್ತದೆ.

ಆದರೆ ಗೆರೆ ಎಲ್ಲವನ್ನೂ ಹೇಳುವುದಿಲ್ಲ. ನಮ್ಮ ಗುಂಪಿನ ಒಂದು ಗಾಡಿಯಲ್ಲಿ ಸ್ಟಿಯರಿಂಗ್ ಬದಲಿಸುವಾಗ ಮುಂದಿನಿಂದ ‘ಟಕ್’ ಅನ್ನುವ ಸದ್ದು ಬರುತ್ತಿತ್ತು. ಗೆರೆಗಳೆಲ್ಲ ನೆಟ್ಟಗಿದ್ದವು. ಎಂಜಿನ್ ಚಾಲೂ ಇಟ್ಟು, ಬ್ರೇಕ್ ಹಾಕಿ, ಒಬ್ಬರು ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು, ನಾನು ಪಕ್ಕದಿಂದ ಕಣ್ಣಿಟ್ಟೆ. ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಅಡ್ಡ ಸರಳಾದ ಪ್ಯಾನ್ಹಾರ್ಡ್ ರಾಡಿನ ಚಾಸಿ ಕಡೆಯ ಬೋಲ್ಟು ತೂತಿನೊಳಗೆ ಕೂದಲೆಳೆಯಷ್ಟು ಜಾರುತ್ತಿತ್ತು. ವಾಷರಿನ ಸುತ್ತ ಕುಂಕುಮದಂಥ ಕೆಂಪು ಪುಡಿ, ಅದರಡಿ ಹೊಳೆಯುವ ಬರಿ ಲೋಹ. ಬ್ರಾಕೆಟ್ಟಿನ ದಪ್ಪ ಬಣ್ಣ ನುಜ್ಜಾಗಿ ಹಿಡಿತ ಹೋಗಿತ್ತು. ಬಣ್ಣ ಕೆರೆದು, ತೂತು ಇನ್ನೂ ಗುಂಡಗೇ ಇದೆಯೆಂದು ಖಾತ್ರಿ ಮಾಡಿಕೊಂಡು, ಹೊಸ ನಟ್ಟು ಹಾಕಿ ಬಿಗಿದ ಮೇಲೆ ಸದ್ದು ನಿಂತಿತು. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಎಷ್ಟು ಬಿಗಿದರೂ ದಂಡ. ಮುಂದೆ ಗಟ್ಟಿ ಆ್ಯಕ್ಸಲ್ ಇರುವ ಗಾಡಿಯಲ್ಲಿ ಇದನ್ನು ಕಡೆಗಣಿಸಿದರೆ ವೇಗದಲ್ಲಿ ಸ್ಟಿಯರಿಂಗ್ ಕೈಗೇ ಸಿಗದಷ್ಟು ನಡುಗಬಹುದು.

ಸಾಮಾನಿನಲ್ಲಿ ಟಾರ್ಕ್ ರೆಂಚಿಗೆ ಪೆಟ್ಟಿಗೆ ಸಮೇತ ಜಾಗ ಕೊಡಿ, ಬಳಸಿದ ಮೇಲೆ ಕನಿಷ್ಠ ಅಂಕಿಗೆ ಇಳಿಸಿಡಿ, ಬಿಚ್ಚುವ ಕೆಲಸಕ್ಕೆ ಉದ್ದನೆಯ ಬೇರೆ ಹಿಡಿ ಇರಲಿ. ವಾಪಸು ಬಂದು ವೀಲ್ ಅಲೈನ್‌ಮೆಂಟ್ ಮಾಡಿಸುವುದಿದ್ದರೆ ಮೊದಲು ಅಡಿಯ ಎಲ್ಲ ಬೋಲ್ಟುಗಳನ್ನೂ ಬಿಗಿಸಿಯೇ ಒಯ್ಯಿರಿ. ಸಡಿಲ ಆರ್ಮಿನ ಮೇಲೆ ಹಿಡಿದ ಅಳತೆ ಮೊದಲ ಗುಂಡಿಗೇ ಬದಲಾಗುತ್ತದೆ.