ಮೇಲಕ್ಕೆ ಹತ್ತುವ ಕಾಕಂಬಿ

ಆಷಾಢದಲ್ಲಿ ನನ್ನ ಅಂಗಡಿಯಲ್ಲಿ ಕೆಲಸ ಕಮ್ಮಿ. ನಾಲೆಗೆ ನೀರು ಬಿಟ್ಟಿರುತ್ತಾರೆ, ಮಳೆಯೂ ಒಂದಿಷ್ಟು ಬಿದ್ದಿರುತ್ತದೆ. ಪಂಪ್‌ಸೆಟ್ ಅಷ್ಟಾಗಿ ಓಡುವುದಿಲ್ಲ. ಓಡದ ಮೋಟಾರ್ ಸುಡುವುದಿಲ್ಲ, ಮೋಟಾರ್ ಸುಡದಿದ್ದರೆ ನನ್ನ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಮಂಡ್ಯದ ಗುತ್ತಲು ರಸ್ತೆಯಲ್ಲಿ 27 ವರ್ಷದಿಂದ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಇನ್ನೊಬ್ಬರ ಕಷ್ಟದಲ್ಲೇ ನಮ್ಮ ಊಟ, ಏನು ಮಾಡೋದು.

ಅಂಥ ಒಂದು ಖಾಲಿ ಮಧ್ಯಾಹ್ನ ಅಕ್ಕನ ಮಗಳು ಮೈಸೂರಿನಿಂದ ಬಂದಳು. ಅಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪಕಲೆ ಓದುತ್ತಾಳೆ. ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕಪ್ಪಗೆ ಹೊಳೆಯುವ ಏನೋ ರಸ.

"ಏನವ್ವ ಇದು, ಕಾಕಂಬಿಯಾ?" ಅಂದೆ. ಸಕ್ಕರೆ ಕಾರ್ಖಾನೆ ಊರಿನವನಿಗೆ ಕಪ್ಪಗೆ ಹರಿಯೋದೆಲ್ಲ ಕಾಕಂಬಿಯೇ.

ಅವಳು ಮಾತಾಡದೆ ಒಂದು ಸಾಸರ್‌ಗೆ ನಾಲ್ಕು ಚಮಚದಷ್ಟು ಸುರಿದಳು. ಕಾಕಂಬಿಗಿಂತ ಎಷ್ಟೋ ತೆಳ್ಳಗಿತ್ತು, ಎಂಜಿನ್ ಆಯಿಲ್ ಥರ. ಹಳೆ ಹಾರ್ಡ್ ಡಿಸ್ಕ್‌ನಿಂದ ಬಿಚ್ಚಿದ ಮ್ಯಾಗ್ನೆಟ್ಟನ್ನು ಸಾಸರ್ ಕೆಳಗೆ ಹಿಡಿದಳು. ರಸ ಒಂದು ಕ್ಷಣದಲ್ಲಿ ಮೈಯೆಲ್ಲ ಮುಳ್ಳು ಎಬ್ಬಿಸಿಕೊಂಡಿತು. ಹಲಸಿನ ಹಣ್ಣಿನ ಸಿಪ್ಪೆ ನೋಡಿದ್ದೀರಲ್ಲ, ಥೇಟ್ ಹಾಗೆ. ಒಂದು ಮುಳ್ಳಿನ ಸುತ್ತ ಆರು ಮುಳ್ಳು, ಅಳತೆ ಇಟ್ಟು ನೆಟ್ಟ ಹಾಗೆ. ಬುತ್ತಿ ತಂದಿದ್ದ ನಮ್ಮವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಇದ್ಯಾವುದ್ಲಾ, ಮುಳ್ಳಂದಿ ಮರಿ ಇದ್ದಂಗೈತೆ!"

ಫೆರೋಫ್ಲೂಯಿಡ್ ಅಂತ ಅದರ ಹೆಸರು. ಮ್ಯಾಗ್ನೆಟ್‌ಗೆ ಎಳೆಯಲ್ಪಡುವ ದ್ರವ. ಅದರಲ್ಲಿ ಅವಳಿಗೆ ಒಂದು ಶಿಲ್ಪ ಮಾಡಬೇಕಿತ್ತು. "ಇದು ತಾನಾಗೇ ಮೇಲಕ್ಕೆ ಹತ್ತಬೇಕು ಮಾವ, ಆಮೇಲೆ ನಿಧಾನಕ್ಕೆ ಇಳೀಬೇಕು. ಮ್ಯಾಗ್ನೆಟ್ ಕೈಯಲ್ಲಿ ಹಿಡಿದು ಆಡಿಸಿದ್ರೆ ಅದು ಮ್ಯಾಜಿಕ್ ಶೋ ಆಗುತ್ತೆ ಅಷ್ಟೇ." ಫೋನಿನಲ್ಲಿ ಜಪಾನಿನ ಸಾಚಿಕೊ ಕೊಡಾಮಾ ಎಂಬ ಕಲಾವಿದೆಯ ಕೆಲಸ ತೋರಿಸಿದಳು. ಆಯಮ್ಮ 2000ನೇ ಇಸವಿಯಿಂದ ಇದರ ಹಿಂದೆ ಬಿದ್ದಿದ್ದಾರೆ. 2006ರಲ್ಲಿ ಮಾಡಿದ 'ಮಾರ್ಫೋ ಟವರ್' ಅನ್ನೋದರಲ್ಲಿ ಒಂದು ಕಬ್ಬಿಣದ ಗೋಪುರ, ಮೈತುಂಬ ಸುರುಳಿ ತೋಡು. ಕರೆಂಟ್ ಕೊಟ್ಟರೆ ಕಪ್ಪು ರಸ ಆ ತೋಡು ಹಿಡಿದು ಸುತ್ತುತ್ತಾ ಮೇಲೇರುತ್ತದೆ, ತುದಿಯಲ್ಲಿ ಮುಳ್ಳು ಬಿಡುತ್ತದೆ, ಇಳಿಯುತ್ತದೆ. ನನಗೆ ಕಂಡದ್ದು ಬೇರೆ. ಗೋಪುರದ ಬುಡದಲ್ಲಿ ಒಂದು ಕಾಯಿಲ್, ಅಂದರೆ ಕರೆಂಟ್ ಕೊಟ್ಟಾಗ ಮ್ಯಾಗ್ನೆಟ್ ಆಗುವ ತಂತಿಯ ಸುತ್ತು, ಇರಲೇಬೇಕು, ಅಲ್ವಾ? ಅದಕ್ಕೇ ಈ ಮಗು ನನ್ನ ಹತ್ತಿರ ಬಂದಿರೋದು.

ನಾನು ಒಪ್ಪಿದ್ದು ಕಾಯಿಲ್‌ಗಾಗಿ ಅಲ್ಲ. ಅವಳು ಹೇಳಿದ ಇನ್ನೊಂದು ಕಥೆಗೆ. ಈ ರಸ ಹುಟ್ಟಿದ್ದು ಅಮೆರಿಕದ ನಾಸಾದಲ್ಲಿ, 1963ರಲ್ಲಿ. ಸ್ಟೀವ್ ಪಾಪೆಲ್ ಎಂಬ ಎಂಜಿನಿಯರ್ ಮಾಡಿದ್ದು. ಅವರ ತಲೆನೋವು ಏನಿತ್ತು ಅಂದರೆ, ಆಕಾಶದಲ್ಲಿ ತೂಕವೇ ಇಲ್ಲದ ಕಡೆ ಟ್ಯಾಂಕಿನ ಇಂಧನ ತಳಕ್ಕೆ ಬಂದು ಕೂರುವುದಿಲ್ಲ. ಉಂಡೆ ಉಂಡೆಯಾಗಿ ತೇಲಾಡುತ್ತದೆ. ಪಂಪಿನ ಬಾಯಿಗೆ ಸಿಗುವುದಿಲ್ಲ. ಇಂಧನದಲ್ಲೇ ಕಬ್ಬಿಣದ ಅಂಶ ಬೆರೆಸಿ, ಮ್ಯಾಗ್ನೆಟ್ಟಿನಿಂದ ಪಂಪಿನ ಕಡೆ ಎಳೆದರೆ ಹೇಗೆ ಅಂತ ಅವರ ಯೋಚನೆ.

ನಾನು ನಕ್ಕುಬಿಟ್ಟೆ. ಸಕ್ಷನ್‌ಗೆ ನೀರು ಸಿಗುತ್ತಿಲ್ಲ, ಪಂಪ್ ಏರ್ ಹಿಡಿದಿದೆ! ವಾರಕ್ಕೆ ಮೂರು ಜನ ಈ ದೂರು ಹೊತ್ತು ನನ್ನ ಅಂಗಡಿಗೆ ಬರುತ್ತಾರೆ. ನಾವು ಪೈಪಿನ ತಳದ ಫುಟ್‌ವಾಲ್ವ್ ನೋಡ್ತೀವಿ, ಒಂದು ಬಕೆಟ್ ನೀರು ಹೊಯ್ತೀವಿ. ಪಾಪೆಲ್‌ಗೆ ಬಕೆಟ್ ಸೌಕರ್ಯ ಇರಲಿಲ್ಲ ಪಾಪ. ಕೊನೆಗೆ ರಾಕೆಟ್‌ನಲ್ಲಿ ಅದು ಬಳಕೆಗೆ ಬರಲಿಲ್ಲವಂತೆ. ಆಮೇಲೆ ರೊನಾಲ್ಡ್ ರೋಸೆನ್ಸ್‌ವೀಗ್ ಎಂಬುವರು ಇದನ್ನೇ ಹಿಡಿದು ಬೆಳೆಸಿದರು. ಆ ಮುಳ್ಳೇಳುವ ಗುಣಕ್ಕೆ ಈಗ ಅವರದೇ ಹೆಸರು. ಒಳ್ಳೆ ಸ್ಪೀಕರಿನಲ್ಲಿ ಏರುದನಿ ಹೊರಡಿಸುವ ಟ್ವೀಟರ್‌ನ ಕಾಯಿಲ್ ಬಿಸಿಯಾಗದಿರಲಿ ಅಂತ ಅದರ ಸುತ್ತ ಇದೇ ರಸ ತುಂಬುತ್ತಾರೆ. ತಿರುಗುವ ಶಾಫ್ಟಿನ ಪಕ್ಕದಲ್ಲಿ ಗಾಳಿ, ಧೂಳು ಒಳಗೆ ನುಗ್ಗದಂತೆ ಸೀಲ್ ಆಗಿಯೂ ಹಾಕುತ್ತಾರೆ. ರಬ್ಬರ್ ಇಲ್ಲದ ಸೀಲು, ಸವೆಯುವ ಮಾತೇ ಇಲ್ಲ. ಅದು ನಮ್ಮ ಸಬ್‌ಮರ್ಸಿಬಲ್‌ಗೆ ಬಂದರೆ ನನ್ನ ಅರ್ಧ ಸಂಪಾದನೆ ಹೋದ ಹಾಗೆ. ಇರಲಿ.

ಒಳಗಿರುವುದು ಕಬ್ಬಿಣದ ಪುಡಿ ಅಂದುಕೊಂಡಿದ್ದೆ. ಹಾಗಾದರೆ ಅದು ತಳಕ್ಕೆ ಇಳಿಯಬೇಕಲ್ಲ? ಇಳಿಯುವುದಿಲ್ಲ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಅದು, ಒಂದೊಂದು ಕಣ ಸುಮಾರು 10 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಏಳೆಂಟು ಸಾವಿರ ಕಣ ಸಾಲಾಗಿ ಕೂರುತ್ತವೆ. ಅಷ್ಟು ಚಿಕ್ಕದಾದರೆ ದ್ರವದ ಶಾಖದ ಕುಲುಕಾಟವೇ ಅವನ್ನು ಕೆಳಗೆ ಕೂರಲು ಬಿಡುವುದಿಲ್ಲ. ಒಂದಕ್ಕೊಂದು ಅಂಟಿ ಗಂಟು ಕಟ್ಟಬಾರದು ಅಂತ ಪ್ರತಿ ಕಣಕ್ಕೂ ಓಲಿಕ್ ಆಸಿಡ್‌ನಂಥದ್ದರ ಒಂದು ಅಂಗಿ. ಕಡಲೆಕಾಯಿ ಎಣ್ಣೆಯಲ್ಲಿ ಇರುತ್ತಲ್ಲ, ಅದೇ ಓಲಿಕ್ ಆಸಿಡ್. ನೂರು ಪಾಲು ರಸದಲ್ಲಿ ಕಬ್ಬಿಣದ ಪಾಲು ಬರೀ ಐದರಷ್ಟು. ಮಿಕ್ಕಿದ್ದು ಎಣ್ಣೆ ಮತ್ತು ಆ ಅಂಗಿ.

ದುಡ್ಡು ಉಳಿಸಲು ಅವಳು ಮೊದಲು ಹಾಸ್ಟೆಲ್‌ನಲ್ಲಿ ಪ್ರಿಂಟರ್ ಟೋನರ್ ಪುಡಿಗೆ ಅಡುಗೆ ಎಣ್ಣೆ ಕಲಸಿ ನೋಡಿದ್ದಳಂತೆ. ಕೆಲವು ಟೋನರ್‌ನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಮ್ಯಾಗ್ನೆಟ್‌ಗೆ ಬರುತ್ತದೆ ನಿಜ. ಆದರೆ ಬಂದದ್ದು ಕೆಸರಿನ ಗುಡ್ಡೆ, ಮುಳ್ಳಲ್ಲ. ಜೊತೆಗೆ ಹಾಸಿಗೆ ಮೇಲುಹೊದಿಕೆ ಹಾಳು.

ಸರಿ, ಕಾಯಿಲ್. 40 ಮಿ.ಮೀ. ಕೋರ್, ಅಂದರೆ ನಡುವಿನ ಕಬ್ಬಿಣ, ಅದಕ್ಕೆ ತಂತಿ ಸುತ್ತುವ ಬಾಬಿನ್, 22 ಗೇಜ್ ತಾಮ್ರದ ತಂತಿ, 1200 ಸುತ್ತು. ಮುಕ್ಕಾಲು ಕೆ.ಜಿ. ತಂತಿ ಹಿಡಿಯಿತು. 24 ವೋಲ್ಟ್ ಡಿ.ಸಿ. ಕೊಟ್ಟರೆ ಎರಡೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತಿತ್ತು. ನನಗೆ ಇದು ಒಂದು ಬೆಳಗಿನ ಕೆಲಸ.

ತಪ್ಪು ಮಾಡಿದ್ದು ಕೋರ್‌ನಲ್ಲಿ. ಗುಜರಿಯಲ್ಲಿ ಲಾರಿಯದೊಂದು ದಪ್ಪ ಬೋಲ್ಟ್ ಬಿದ್ದಿತ್ತು. ಅಳತೆ ಸರಿ ಇದೆಯಲ್ಲ ಅಂತ ತೂರಿಸಿದೆ. ಮುಳ್ಳು ಚೆನ್ನಾಗೇ ಎದ್ದವು. ಸ್ವಿಚ್ ಆರಿಸಿದೆ. ಅರ್ಧ ಇಳಿದವು, ಅಲ್ಲೇ ನಿಂತವು. ಪ್ಲಗ್ ಕಿತ್ತರೂ ಇಳಿಯಲಿಲ್ಲ. ಹೈ ಟೆನ್ಸೈಲ್ ಬೋಲ್ಟು ಗಟ್ಟಿ ಉಕ್ಕು, ಒಮ್ಮೆ ಮ್ಯಾಗ್ನೆಟ್ ಆದರೆ ಬಿಟ್ಟುಕೊಡುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. "ನಿಮ್ಮ ಬೋಲ್ಟ್‌ಗೆ ಹಟ ಜಾಸ್ತಿ ಮಾವ" ಅಂದಳು. ಮೆದು ಉಕ್ಕಿನ ರಾಡ್ ತಂದು, ಕೆಂಪಗೆ ಕಾಯಿಸಿ, ಬೂದಿಯಲ್ಲಿ ರಾತ್ರಿಯೆಲ್ಲ ಆರಲು ಬಿಟ್ಟೆ. ಆಮೇಲೆ ಹೇಳಿದ ಮಾತು ಕೇಳಿತು.

ಮೊದಲು ಚಪ್ಪಟೆ ತಲೆಯ ಕೋರ್ ಮೇಲೆ ಬಟ್ಟಲಿಟ್ಟು, ವೋಲ್ಟೇಜ್ ಏರಿಳಿಸುವ ವೇರಿಯಾಕ್ ಹಿಡಿದು ಕರೆಂಟನ್ನು ಒಂದೊಂದು ಕೂದಲಿನಷ್ಟು ಏರಿಸುತ್ತಾ ಹೋದೆ. ಏನೂ ಇಲ್ಲ. ಇನ್ನೂ ಏರಿಸಿದೆ. ರಸ ಕನ್ನಡಿ ಥರ ಮಲಗಿದೆ, ಟ್ಯೂಬ್‌ಲೈಟ್ ಅದರಲ್ಲಿ ನೆಟ್ಟಗೆ ಕಾಣುತ್ತಿದೆ. ಇನ್ನೊಂದು ಚೂರು. ಟ್ಯೂಬ್‌ಲೈಟಿನ ಗೆರೆ ಸ್ವಲ್ಪ ನಡುಗಿತು, ಅಷ್ಟರಲ್ಲಿ ಮುಳ್ಳೆಲ್ಲ ಒಟ್ಟಿಗೆ ಎದ್ದವು! ಹಾಲು ಉಕ್ಕುವ ಹಾಗೆ. ಕಾದು ನಿಂತಷ್ಟು ಹೊತ್ತು ಸುಮ್ನಿದ್ದು ಒಂದೇ ಸಲ. ಮುಳ್ಳು ಎಬ್ಬಿಸುವುದು ಮ್ಯಾಗ್ನೆಟ್, ಕೆಳಕ್ಕೆ ಎಳೆಯುವುದು ಭೂಮಿ ಮತ್ತು ರಸದ ಮೈಬಿಗಿತ. ಆ ಎರಡನ್ನೂ ಗೆಲ್ಲುವ ತನಕ ಮೇಲ್ಮೈ ಚಪ್ಪಟೆಯಾಗೇ ಇರುತ್ತದೆ. ಇಳಿಸುವಾಗ ಇನ್ನೊಂದು ತಮಾಷೆ. ಏಳಲು ಬೇಕಾದಷ್ಟು ಕರೆಂಟ್ ನಿಂತಿರಲು ಬೇಡ. ನಮ್ಮ ಪಂಪ್ ಸ್ಟಾರ್ಟರಿನೊಳಗಿನ ಸ್ವಿಚ್ಚು, ಕಾಂಟಾಕ್ಟರ್, ಇದೇ ಜಾತಿ. ಹಿಡಿಯಲು ಜಾಸ್ತಿ ವೋಲ್ಟೇಜ್ ಬೇಕು, ಹಿಡಿದ ಮೇಲೆ ಕಮ್ಮಿಯಲ್ಲೂ ಬಿಡುವುದಿಲ್ಲ.

ಅವತ್ತು ಸಂಜೆ ಅದನ್ನೇ ಎಷ್ಟು ಸಲ ಮಾಡಿದೆನೋ. ಫೋಟೋದಲ್ಲಿ ಎಲ್ಲರೂ ತೋರಿಸೋದು ಎದ್ದ ಮುಳ್ಳನ್ನು. ನನ್ನ ಕೇಳಿದರೆ ಅದರಲ್ಲಿ ಏನಿಲ್ಲ. ಏಳುವ ಮುಂಚಿನ ಆ ನಡುಕ ನೋಡಬೇಕು. ಹೇಳಿದೆ. ಅವಳು ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡಳು.

ಆಮೇಲಿನ ಹತ್ತು ದಿನ ಬರೀ ರಿಪೇರಿ. ಅವಳು ಜೇಡಿಮಣ್ಣಿನಲ್ಲಿ ಕಬ್ಬಿನ ಜಲ್ಲೆಯ ಆಕಾರ ಮಾಡಿ ತಂದಳು, ಗೆಣ್ಣು ಗೆಣ್ಣಾಗಿ, ಮೇಲಕ್ಕೆ ಹೋದಂತೆ ಸಣ್ಣ. ಪಕ್ಕದ ಲೇತಿನವನು ಅದನ್ನು ಕಬ್ಬಿಣದಲ್ಲಿ ಕಡೆದು, ಸುರುಳಿ ತೋಡು ಹಾಕಿಕೊಟ್ಟ. ಕರೆಂಟ್ ಏರಿಸಿ ಇಳಿಸಲು ಅವಳ ಗೆಳೆಯನೊಬ್ಬ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಹಚ್ಚಿದ. ಎರಡು ಟ್ರಾನ್ಸಿಸ್ಟರ್ ಢಮಾರ್. ಕಾಯಿಲ್‌ಗೆ ಕರೆಂಟ್ ಕಿತ್ತ ಕೂಡಲೇ ಅದು ಉಲ್ಟಾ ಒದೆಯುತ್ತದೆ ಕಣಪ್ಪ, ಅಡ್ಡಲಾಗಿ ಡಯೋಡ್ ಹಾಕು ಅಂದೆ. ಹಾಕಿದ ಮೇಲೆ ನಿಂತಿತು.

ನಿಲ್ಲದೆ ಕಾಡಿದ್ದು ಬಿಸಿ. 60 ವ್ಯಾಟ್ ಅಂದರೆ ಹಳೆಕಾಲದ ಬಲ್ಬು, ಅದನ್ನು ಒಂದು ಮುಷ್ಟಿ ತಾಮ್ರದೊಳಗೆ ಉರಿಸಿದ ಹಾಗೆ. ಅರ್ಧ ಗಂಟೆಗೆ ರಸ ಗೋಪುರದ ತುದಿ ತಲುಪುತ್ತಿರಲಿಲ್ಲ, ಮೂರನೇ ಗೆಣ್ಣಿಗೇ ಸುಸ್ತು. ಅವಳು ರಸ ಕೆಟ್ಟಿತು ಅಂತ ಅಳುವ ಹಾಗಾದಳು. ಮೀಟರ್ ಹಾಕಿ ನೋಡಿದೆ. 2.6 ಆಂಪಿಯರ್ ಇದ್ದದ್ದು 2ಕ್ಕೆ ಬಂದಿತ್ತು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ತಡೆ ಸುಮಾರು 0.4 ಪರ್ಸೆಂಟ್ ಏರುತ್ತದೆ. ಲೆಕ್ಕ ಹಾಕಿದರೆ ಕಾಯಿಲ್ 100 ಡಿಗ್ರಿ ಹತ್ತಿರ ಇತ್ತು. ರಸಕ್ಕೂ ಬಿಸಿ ಆಗದು, ಎಣ್ಣೆ ಆರಿ ದಪ್ಪಗಾಗುತ್ತದೆ. ಕಾಯಿಲನ್ನು ಪೀಠದ ಕೆಳಕ್ಕೆ ಇಳಿಸಿದೆ, ಒಂದು ಕಂಪ್ಯೂಟರ್ ಫ್ಯಾನ್ ಕೂರಿಸಿದೆ. ಮುಖ್ಯ ಅಂದರೆ ಪುರುಸೊತ್ತು ಕೊಟ್ಟೆ. 8 ಸೆಕೆಂಡ್ ಏರು, 5 ಸೆಕೆಂಡ್ ಇಳಿ, 20 ಸೆಕೆಂಡ್ ಸುಮ್ನಿರು. ಅವಳಿಗೆ ಮೊದಲು ಬೇಜಾರಾಯಿತು, ಆಮೇಲೆ ಅದೇ ಇಷ್ಟವಾಯಿತು. ಅದರಲ್ಲೂ ಏರುವ ಮುಂಚೆ ಎರಡು ಸೆಕೆಂಡ್ ಕರೆಂಟನ್ನು ಆ ನಡುಕದ ಅಂಚಿನಲ್ಲಿ ನಿಲ್ಲಿಸಿದಳು. ನನ್ನ ಮಾತು ಕೇಳಿಯೇ ಇರಬೇಕು. ಕೇಳಿದರೆ ಒಪ್ಪಲಿಲ್ಲ.

ಒಂದು ಎಚ್ಚರಿಕೆ, ಯಾರಾದರೂ ಮಾಡುವವರಿದ್ದರೆ: ಮ್ಯಾಗ್ನೆಟ್ಟನ್ನು ಬರಿಗೈಲಿ ಹಿಡಿದು ರಸದೊಳಗೆ ಬೀಳಿಸಬೇಡಿ. ನಾನು ಬೀಳಿಸಿದೆ. ಒರೆಸಿದಷ್ಟೂ ಮುಳ್ಳು. ಆ ಮ್ಯಾಗ್ನೆಟ್ ಈಗಲೂ ಡಬ್ಬಿಯಲ್ಲಿದೆ, ನನ್ನ ಬಿಳಿ ಅಂಗಿಯೂ ಒರೆಸುವ ಬಟ್ಟೆಯಾಗಿದೆ.

ಕಾಲೇಜಿನಲ್ಲಿ ಶಿಲ್ಪ ಇಟ್ಟ ದಿನ ನಾನೂ ಅವ್ವನೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ನೋಡಿ ಬಂದೆವು. ಜನ ನಿಂತಿದ್ದರು. ಅವ್ವ ಪಕ್ಕದವರಿಗೆಲ್ಲ "ಕಾಯಿಲು ನಮ್ಮುಡುಗುಂದು" ಅಂತ ಹೇಳುತ್ತಿದ್ದಳು.

ಉಳಿದ ರಸ ಒಂದು ಇಂಕ್ ಬಾಟಲಿಯಷ್ಟು ನನ್ನ ಹತ್ತಿರವೇ ಇತ್ತು. ಹೋದ ವಾರ 5 ಎಚ್.ಪಿ. ಮೋಟಾರಿನ ಸ್ಟೇಟರ್ (ತಿರುಗದ ಹೊರಭಾಗ) ಒಂದು ವೈಂಡಿಂಗ್ ಆಗಿ ಟೆಸ್ಟಿಗೆ ಕೂತಿತ್ತು. ನಮ್ಮಲ್ಲಿ ಒಂದು ರೂಢಿ: ಮೂರು ಫೇಸಿನ ಕರೆಂಟನ್ನು ಕಮ್ಮಿ ವೋಲ್ಟೇಜಿನಲ್ಲಿ ಕೊಟ್ಟು, ಒಳಗೆ ಬೇರಿಂಗಿನ ಗುಂಡು ಹಾಕುತ್ತೇವೆ. ವೈಂಡಿಂಗ್ ಸರಿ ಇದ್ದರೆ ಗುಂಡು ಒಳಸುತ್ತಿಗೆ ಗಿರಗಿರ ಓಡುತ್ತದೆ. ಓಡಿತು. ಅದನ್ನು ತೆಗೆದು, ಸುಮ್ನೆ ಅಂತ, ಒಂದು ಪ್ಲಾಸ್ಟಿಕ್ ಲೋಟದಲ್ಲಿ ಆ ರಸ ಹಾಕಿ ಸ್ಟೇಟರ್ ನಡುವೆ ಇಟ್ಟೆ. ಮೇಲೆ ಬೀಡಿ ಕಾಗದದ ಒಂದು ಚೂರು ತೇಲಿಬಿಟ್ಟೆ. ವೇರಿಯಾಕ್ ತಿರುಗಿಸಿದೆ. ಕಾಗದ ಮೆಲ್ಲಗೆ ಸುತ್ತತೊಡಗಿತು. ಆದರೆ ಗುಂಡು ಓಡಿದ ಕಡೆಗಲ್ಲ, ಅದಕ್ಕೆ ವಿರುದ್ಧ! ಎರಡು ಫೇಸ್ ಅದಲು ಬದಲು ಮಾಡಿದೆ. ಗುಂಡಿನ ದಿಕ್ಕೂ ಬದಲಾಯಿತು, ರಸದ ದಿಕ್ಕೂ ಬದಲಾಯಿತು, ಮತ್ತೆ ಒಂದಕ್ಕೊಂದು ಉಲ್ಟಾ.

ಅವಳಿಗೆ ಫೋನ್ ಮಾಡಿದೆ. "ಎದುರು ದಿಕ್ಕಿಗೆ ತಿರುಗ್ತೈತೆ ಕಣವ್ವ." ಆ ಕಡೆ ಒಂದು ನಿಮಿಷ ಮಾತಿಲ್ಲ. ಆಮೇಲೆ ಕೇಳಿದಳು, "ಮಾವ, ಸುಟ್ಟೋಗಿರೋ ಹಳೆ ಸ್ಟೇಟರ್ ಎಷ್ಟಿದಾವೆ ಅಂಗಡೀಲಿ?"

ಎಣಿಸಿದೆ. ಹನ್ನೊಂದು ಇದ್ದವು.