ಎಲ್ಲರಿಗೂ ಹಾಕಿದ್ದು ಅಂತಲೇ ಇವರಿಗೆ ಬೇಡ

ಈ ವಾರ ಉಡುಪಿಯಲ್ಲಿ ಅತ್ತೆಯ ಕಣ್ಣು ತೋರಿಸ್ಲಿಕ್ಕೆ ಹೋದಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗ್ತಾ ಇಲ್ಲ. ಅತ್ತೆ ಹಿಡಿಸೂಡಿ ಮಾಡ್ಲಿಕ್ಕೆ ಮಡಲಿನ ಗರಿ ಸೀಳಿ ಕಡ್ಡಿ ತೆಗೀತಾ ಇದ್ದದ್ದು, ಒಂದು ಕಡ್ಡಿ ಚಿಮ್ಮಿ ಎಡಗಣ್ಣಿಗೆ ಬಡೀತು. ರಾತ್ರಿಯಿಡೀ ನೀರು, ಉರಿ, ಲೈಟ್ ನೋಡ್ಲಿಕ್ಕೇ ಆಗುದಿಲ್ಲ. ಮಾವ ತನ್ನ ಪೊರೆ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ತಂದು ಇದನ್ನೇ ಬಿಡು, ಕಣ್ಣಿನ ಮದ್ದೆಲ್ಲ ಒಂದೇ ಅಂತ ಹಟ. ಮಾವ ಒಳ್ಳೆಯವರು, ಆದ್ರೆ ಮದ್ದಿನ ವಿಷಯದಲ್ಲಿ ಅವರ ಧೈರ್ಯ ನಂಗೆ ಯಾವತ್ತೂ ಭಯ. ಪುಣ್ಯಕ್ಕೆ ಅತ್ತೆ ಕಣ್ಣು ಮುಟ್ಲಿಕ್ಕೇ ಬಿಡ್ಲಿಲ್ಲ.

ಕ್ಲಿನಿಕ್ಕಲ್ಲಿ ಜನವೋ ಜನ. ಡಾಕ್ಟ್ರ ಹತ್ರ ಹೋಗುವ ಮೊದಲು ಕಣ್ಣು ನೋಡುವ ಹುಡುಗಿ, ಈಗಷ್ಟೇ ಕೋರ್ಸ್ ಮುಗಿಸಿ ಬಂದವಳ ಹಾಗೆ ಕಂಡ್ಳು, ಅತ್ತೆಯನ್ನು ಕೂರಿಸಿ ಒಂದೊಂದೇ ಕೇಳಿದ್ಳು. ಮದ್ದು ಯಾವುದಾದ್ರೂ ಆಗಿಬರುದಿಲ್ವಾ, ಮೊದಲು ಗಾಯ ನೋಡ್ಲಿಕ್ಕೆ ಕಣ್ಣಿಗೆ ಹಳದಿ ಡೈ ಹಾಕಿದಾಗ ತುರಿಕೆ ಬಾವು ಬಂದದ್ದುಂಟಾ, ಕಾಂಟ್ಯಾಕ್ಟ್ ಲೆನ್ಸ್ ಹಾಕ್ತೀರಾ. ಲೆನ್ಸ್ ಅಂದಾಗ ಅತ್ತೆ ನೋವಲ್ಲೂ ನಕ್ಕು, "ನಂಗೆಂತ ಲೆನ್ಸು ಮಗಾ" ಅಂದ್ರು. ಹುಡುಗಿ ನಗ್ಲಿಲ್ಲ, "ಎಲ್ಲರ ಹತ್ರಾನೂ ಕೇಳ್ಬೇಕಮ್ಮ, ಸಾಫ್ಟ್ ಲೆನ್ಸ್ ಇದ್ರೆ ಬಣ್ಣ ಹೀರಿಕೊಳ್ತದೆ, ಆಮೇಲೆ ಹೋಗುದಿಲ್ಲ" ಅಂದ್ಳು.

ಅಷ್ಟರಲ್ಲಿ ಅಟೆಂಡರ್ ಅಕ್ಕ ಟ್ರೇಯಲ್ಲಿದ್ದ ಮರಗಟ್ಟಿಸುವ ಡ್ರಾಪ್ಸಿನ ಬಾಟ್ಲಿ ಎತ್ತಿ ಅತ್ತೆಯ ರೆಪ್ಪೆಗೆ ಕೈ ಹಾಕಿಯೇ ಬಿಟ್ರು. ಹುಡುಗಿ ಕೈ ಅಡ್ಡ ಹಿಡಿದ್ಳು.

"ಅಕ್ಕ, ಇದು ಯಾವಾಗ ಓಪನ್ ಮಾಡಿದ್ದು?"

"ಗೊತ್ತಿಲ್ಲ ಮಾರಾಯ್ತಿ, ಬೆಳಗ್ಗಿಂದ ಎಲ್ಲರಿಗೂ ಇದನ್ನೇ ಹಾಕಿದ್ದಲ್ವಾ."

"ಎಲ್ಲರಿಗೂ ಹಾಕಿದ್ದು ಅಂತಲೇ ಇವರಿಗೆ ಬೇಡ. ಕಣ್ಣು ಗೀರಿದೆ."

ಸ್ವರ ಏರಿಸ್ಲಿಲ್ಲ, ಮುಖ ಗಂಟಿಕ್ಕಲಿಲ್ಲ. ಹೊಸ ಬಾಟ್ಲಿ ಒಡೆದು ಅದರ ಮೇಲೆ ತಾರೀಕು ಬರ್ದು, ತುದಿ ರೆಪ್ಪೆಗೆ ತಾಗದ ಹಾಗೆ ಮೇಲಿಂದ ಒಂದು ಹನಿ ಬಿಟ್ಳು. ಆಮೇಲೆ ಒಬ್ಬರಿಗೊಂದರಂತೆ ಬರುವ ಚಿಕ್ಕ ಪ್ಯಾಕೆಟ್ ಹರಿದು ತುದಿಗೆ ಆ ಡೈ ಒಣಗಿ ಕಿತ್ತಳೆ ಬಣ್ಣ ಇರುವ ಕಾಗದದ ಪಟ್ಟಿ ತೆಗ್ದು, ಸ್ಟೆರೈಲ್ ಸಲೈನ್ ಹನಿಸಿ ಕೆಳಗಿನ ರೆಪ್ಪೆಯ ಒಳಗೆ ಸುಮ್ಮನೆ ತಾಗಿಸಿದ್ಳು. ಹಿಂದೆ ಕೂತಿದ್ದ ಒಬ್ರು ಇಷ್ಟಕ್ಕೆ ಇಷ್ಟು ಹೊತ್ತಾ ಅಂತ ಗೊಣಗಿದ್ರು. ಅವರ ಮೇಲೆ ನಂಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅವರ ಸರದಿ ಬಂದಾಗಲೂ ಅವಳು ಅಷ್ಟೇ ಹೊತ್ತು ತೆಗೆದುಕೊಳ್ಳುವವಳು ಅಂತ ಅವರಿಗೆ ಹೊಳೀಲಿಲ್ವಾ.

ಡಾಕ್ಟ್ರು ನೀಲಿ ಬೆಳಕು ಹಾಕಿ ನೋಡಿದ್ರು, ನಂಗೂ ತೋರಿಸಿದ್ರು. ಕಪ್ಪುಗುಡ್ಡೆಯ ಮೇಲೆ ಓರೆಯಾಗಿ ಒಂದು ಹಸಿರು ಗೆರೆ ಉರೀತಾ ಇತ್ತು. ಮೇಲಿನ ತೆಳು ಪದರ ಸರಿ ಇದ್ರೆ ಈ ಡೈ ಒಳಗೆ ಇಳಿಯುದಿಲ್ವಂತೆ, ಪದರ ಕಿತ್ತುಹೋದಲ್ಲಿ ಮಾತ್ರ ಹಿಡಿದು ನೀಲಿ ಬೆಳಕಿಗೆ ಹಸಿರು ಹೊಳೀತದೆ. ಒಳಗಿನ ನೀರು ಹೊರಗೆ ಸೋರ್ತಾ ಇದ್ರೂ ಇದರಲ್ಲೇ ಗೊತ್ತಾಗ್ತದೆ. ಸೋರಿಕೆ ಇರ್ಲಿಲ್ಲ, ಹುಣ್ಣೂ ಆಗಿರ್ಲಿಲ್ಲ. ಮಾವನ ಡ್ರಾಪ್ಸ್ ಸಂಗತಿ ಹೇಳಿದ್ದೇ ಡಾಕ್ಟ್ರ ಮುಖ ಬದಲಾಯ್ತು. ಅದರಲ್ಲಿ ಸ್ಟಿರಾಯ್ಡ್ ಇರ್ತದೆ, ಗಿಡ ಸೊಪ್ಪು ಕಡ್ಡಿ ತಾಗಿದ ಕಣ್ಣಿಗೆ ಫಂಗಸ್ ಬರುವ ಭಯ ಹೆಚ್ಚು, ಅದಕ್ಕೆ ಸ್ಟಿರಾಯ್ಡ್ ಬಿದ್ರೆ ಇನ್ನೂ ಜೋರಾಗ್ತದೆ ಅಂದ್ರು.

ಹೊರಗೆ ಬಂದ ಕೂಡ್ಲೆ ಅತ್ತೆಗೆ ನೋವೇ ಇಲ್ಲ, ಗುಣ ಆಯ್ತು ಅಂತ ಸೆರಗಿಂದ ಕಣ್ಣೊರೆಸ್ಲಿಕ್ಕೆ ಹೊರಟ್ರು. ಆ ಹುಡುಗಿ ಮತ್ತೆ ಓಡಿ ಬಂದ್ಳು. ಮರಗಟ್ಟಿದ ಕಣ್ಣು ಉಜ್ಜಿದ್ರೆ ಇನ್ನೊಂದು ಗೀರು ಬಿದ್ರೂ ಗೊತ್ತಾಗುದಿಲ್ಲ, ಸ್ವಲ್ಪ ಹೊತ್ತು ಕೈ ಹಾಕ್ಬೇಡಿ ಅಂತ. ಆ ಡ್ರಾಪ್ಸೇ ಮನೆಗೆ ಕೊಡು ಅಂತ ಅತ್ತೆ ಕೇಳಿದ್ದಕ್ಕೆ ಖಂಡಿತ ಇಲ್ಲ ಅಂದ್ಳು, ಪದೇಪದೇ ಹಾಕಿದ್ರೆ ಗಾಯ ಮಾಯುದೇ ಇಲ್ವಂತೆ. ಮೂಗಿಂದ ಹಳದಿ ಬಂದ್ರೆ ಹೆದರ್ಬೇಡಿ ಅಂತಲೂ ಹೇಳಿ ಹೋದ್ಳು. ಸಂಜೆ ಬಂತು, ಅತ್ತೆ ಹೆದರ್ಲಿಲ್ಲ.

ಮನೆಗೆ ಬಂದು ಈ ಡೈ ಬಗ್ಗೆ ಓದಿದೆ. ಫ್ಲೋರೆಸೀನ್ ಅಂತ ಹೆಸರು, 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ್ದು. ಹಿಂದೆ ಇದನ್ನು ಬಾಟ್ಲಿಯಲ್ಲಿ ಕರಗಿಸಿಟ್ಟು ಎಲ್ಲರಿಗೂ ಅದರಿಂದಲೇ ಹಾಕ್ತಿದ್ರಂತೆ, ಅದರಲ್ಲಿ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೀತಿತ್ತು, ಗೀರಿದ ಕಣ್ಣಿಗೆ ಅದು ಹೋದ್ರೆ ದೃಷ್ಟಿಯೇ ಹೋಗುವಷ್ಟು ಕೆಟ್ಟ ಹುಣ್ಣು. 1951ರಲ್ಲಿ ಕಿಮುರಾ ಅನ್ನುವ ಡಾಕ್ಟ್ರು ಸ್ಟೆರೈಲ್ ಕಾಗದದ ಪಟ್ಟಿಯ ಉಪಾಯ ತೋರಿಸಿದ್ರು. ಇದನ್ನು ಓದಿದ ಮೇಲೆ ಹುಡುಗಿಯ ಆ ಮಾತು ನಂಗೆ ಬೇರೆಯೇ ಆಗಿ ಕೇಳ್ಲಿಕ್ಕೆ ಶುರುವಾಯ್ತು. ಈ ಪರೀಕ್ಷೆ ಮಾಡುದೇ ಕಣ್ಣಲ್ಲಿ ಗಾಯ ಉಂಟಾ ಅಂತ ಸಂಶಯ ಬಂದಾಗ, ಅಂದ್ರೆ ಹನಿ ಬೀಳುದೇ ಬಾಗಿಲು ತೆರೆದ ಮನೆಗೆ.

ಅಟೆಂಡರ್ ಅಕ್ಕನನ್ನು ನಾನು ಕೆಟ್ಟವರು ಅನ್ನುದಿಲ್ಲ. ಬೆಳಗ್ಗಿಂದ ನಿಂತೇ ಇದ್ರು, ಒಬ್ಬರ ಹಿಂದೆ ಒಬ್ಬರು, ಬೇಗ ಮುಗಿಸಿ ಅಂತ ಎಲ್ಲರೂ ಒತ್ತಡ ಹಾಕಿದ್ರೆ ತಾರೀಕು ನೋಡ್ಲಿಕ್ಕೆ ಪುರುಸೊತ್ತೆಲ್ಲಿ. ಆದ್ರೆ ತನಗಿಂತ ಎಷ್ಟೋ ದೊಡ್ಡವರ ಕೈ ತಡೆದು, ಅವರಿಗೆ ಅವಮಾನ ಆಗದ ಹಾಗೆ ಆ ಪ್ರಶ್ನೆ ಕೇಳ್ಲಿಕ್ಕೆ ಎಂಥ ಗಟ್ಟಿತನ ಬೇಕು! ನಮ್ಮೂರಲ್ಲಿ ಆಸ್ಪತ್ರೆಗಳಿಗೇನೂ ಕಡಿಮೆ ಇಲ್ಲ, ದೊಡ್ಡ ಮಿಷನ್ನು ಬಂದ್ರೆ ಪೇಪರಲ್ಲಿ ಫೋಟೋ ಬರ್ತದೆ, ಬಾಟ್ಲಿ ಯಾವಾಗ ಒಡೆದದ್ದು ಅಂತ ಕೇಳಿದವಳ ಫೋಟೋ ಎಲ್ಲೂ ಬರುದಿಲ್ಲ. ಅತ್ತೆಯಂಥವರು ತಾವಾಗಿ ಕೇಳುದೂ ಇಲ್ಲ, ಡಾಕ್ಟ್ರ ಎದುರು ಬಾಯಿ ಬಿಡುದೇ ಅಧಿಕಪ್ರಸಂಗ ಅಂತ ಬೆಳೆದವರು. ಅವರ ಪರವಾಗಿ ಅಲ್ಲಿರುವ ಯಾರಾದ್ರೂ ಕೇಳ್ಬೇಕು, ಇಲ್ಲದಿದ್ರೆ ಜೊತೆಗೆ ಹೋದ ನಾವು ಕೇಳ್ಬೇಕು.

ಮರುದಿನ ತೋರಿಸಿದಾಗ ಹಸಿರು ಗೆರೆ ಅರ್ಧಕ್ಕೆ ಬಂದಿತ್ತು. ಮಾವನ ಡ್ರಾಪ್ಸ್ ನಾನೇ ಬಿಸಾಡಿದೆ, ಅವರು ಇನ್ನೂ ಮಾತಾಡ್ತಾ ಇಲ್ಲ. ಬರುವ ತಿಂಗಳು ಅಪ್ಪನ ಕಣ್ಣಿನ ಪ್ರೆಶರ್ ನೋಡ್ಲಿಕ್ಕೆ ಉಂಟು, ಅದಕ್ಕೂ ಎಷ್ಟೋ ಸಲ ಇದೇ ಹಳದಿ ಡೈ ಮತ್ತು ಮರಗಟ್ಟಿಸುವ ಹನಿ ಹಾಕ್ತಾರೆ. ಬಾಟ್ಲಿ ಯಾವಾಗ ಓಪನ್ ಮಾಡಿದ್ದು ಅಂತ ನಾನು ಕೇಳುವವಳೇ, ಅಪ್ಪನಿಗೆ ಮುಜುಗರ ಆದ್ರೂ ಸರಿ.