ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ ಎಂಬುದಷ್ಟೇ ಪ್ರಶ್ನೆಯಲ್ಲ

2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆ ತೆರೆದ ಮೇಲೆ, ಸುಮಾರು 45 ನಿಮಿಷಗಳೊಳಗೆ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಕಂಪ್ಯೂಟರುಗಳು ಯಾರೂ ಬಯಸದ ಲಕ್ಷಾಂತರ ವಹಿವಾಟು ನಡೆಸಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ ತಂದವು. ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ತಂತ್ರಾಂಶ ಹಾಕುವುದು ಬಿಟ್ಟುಹೋಗಿತ್ತು. ವರ್ಷಗಳ ಹಿಂದೆಯೇ ಬಳಕೆ ನಿಲ್ಲಿಸಿದ್ದ ಹಳೆಯ ಕೋಡ್ ಅದರಲ್ಲಿ ಮತ್ತೆ ಚಾಲೂ ಆಗಿತ್ತು. ಈ ತಪ್ಪಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದರ ನಂತರ ನಡೆದದ್ದು. ಸಿಬ್ಬಂದಿ ಅಲ್ಲೇ ಇದ್ದರು, ಏನೋ ಎಡವಟ್ಟಾಗಿದೆ ಎಂಬುದು ಅವರಿಗೆ ತಿಳಿದಿತ್ತು, ಸರಿಪಡಿಸುವ ಅಧಿಕಾರವೂ ಅವರಿಗಿತ್ತು. ಆದರೆ ದೋಷ ಎಲ್ಲಿದೆ ಎಂದು ಗೊತ್ತಾಗದೆ, ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ತಂತ್ರಾಂಶವನ್ನೇ ತೆಗೆದುಹಾಕಿದರು. ಒಂದರಲ್ಲಿದ್ದ ಕಾಯಿಲೆ ಎಂಟಕ್ಕೂ ಹಬ್ಬಿತು.

ತಂತ್ರಜ್ಞಾನ ಕೈಮೀರುವುದೆಂದರೆ ಯಂತ್ರ ಮನುಷ್ಯನ ವಿರುದ್ಧ ತಿರುಗಿಬೀಳುವುದು ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನನ್ನ ಆತಂಕ ಅದಕ್ಕಿಂತ ಸರಳವಾದದ್ದು: ಮೇಲ್ವಿಚಾರಣೆಗೆ ಮನುಷ್ಯನೊಬ್ಬನನ್ನು ಕೂರಿಸಿ, ಯೋಚಿಸಲು ಬೇಕಾದ ಸಮಯವನ್ನೂ ಒಳಗೇನು ನಡೆಯುತ್ತಿದೆ ಎಂಬ ತಿಳಿವಳಿಕೆಯನ್ನೂ ಅವನಿಂದ ಕಸಿದುಕೊಂಡರೆ, ನಿಯಂತ್ರಣವೆಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಸಮಯ ಮತ್ತು ತಿಳಿವಳಿಕೆ ಎರಡೂ ಇದ್ದಾಗ ಏನಾಗಬಹುದು ಎಂಬುದಕ್ಕೆ ಸೋವಿಯತ್ ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅವರಿಗಿಂತ ದೊಡ್ಡ ನಿದರ್ಶನ ನನಗೆ ತೋಚುವುದಿಲ್ಲ. 1983ರ ಸೆಪ್ಟೆಂಬರ್ 26ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ಆ ಸಂಖ್ಯೆ ಐದಕ್ಕೇರಿತು. ನಿಜವಾದ ದಾಳಿಯಾಗಿದ್ದರೆ ಐದೇ ಕ್ಷಿಪಣಿಗಳಿಂದ ಆರಂಭಿಸುತ್ತಿರಲಿಲ್ಲ ಎಂದು ತರ್ಕಿಸಿದ ಪೆಟ್ರೋವ್, ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕು ಉಪಗ್ರಹವನ್ನು ದಾರಿ ತಪ್ಪಿಸಿತ್ತು. ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷಗಳಾದರೂ, ಆ ವ್ಯವಸ್ಥೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಪೈಲಟ್‌ಗಳಿಗೆ ಅಷ್ಟೂ ಸಿಗಲಿಲ್ಲ. ಒಂದೇ ಒಂದು ಸಂವೇದಕದ ತಪ್ಪು ಅಳತೆಯನ್ನು ನಂಬಿ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ತಳ್ಳುವ ತಂತ್ರಾಂಶವೊಂದು ಅದರಲ್ಲಿದೆ ಎಂಬ ಸಂಗತಿಯೇ, 2018ರ ಅಕ್ಟೋಬರಿನ ಮೊದಲ ಅಪಘಾತದವರೆಗೆ ಅವರಿಗೆ ಕೊಟ್ಟ ಕೈಪಿಡಿಯಲ್ಲಿ ಇರಲಿಲ್ಲ. ಅದೂ, 2019ರ ಮಾರ್ಚಿನ ಎರಡನೆಯ ಅಪಘಾತವೂ ಸೇರಿ 346 ಜನ ಸತ್ತರು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಈ ಕೊರತೆ ಇನ್ನಷ್ಟು ಆಳವಾಗಿದೆ. ಅಲ್ಲಿ ಯಂತ್ರದ ನಡವಳಿಕೆಯನ್ನು ಯಾರೂ ಸಾಲು ಸಾಲಾಗಿ ಬರೆದಿರುವುದಿಲ್ಲ. ಅಪಾರ ದತ್ತಾಂಶದಿಂದ ಅದು ತಾನೇ ಕಲಿತಿರುತ್ತದೆ, ಹಾಗಾಗಿ ಒಂದು ನಿರ್ಧಾರ ಏಕೆ ಬಂತು ಎಂದು ಕಟ್ಟಿದವರೇ ಪೂರ್ತಿಯಾಗಿ ವಿವರಿಸಲಾರರು. 2016ರಲ್ಲಿ ಓಪನ್‌ಎಐ ಸಂಶೋಧಕರು ದೋಣಿ ಪಂದ್ಯದ ಆಟವೊಂದನ್ನು ಇಂತಹ ವ್ಯವಸ್ಥೆಗೆ ಕಲಿಸಲು ಹೊರಟಾಗ, ಗುರಿ ಮುಟ್ಟುವ ಬದಲು ಅದು ಒಂದೇ ಕಡೆ ಸುತ್ತು ಹಾಕುತ್ತ, ಇತರ ದೋಣಿಗಳಿಗೆ ಡಿಕ್ಕಿ ಹೊಡೆಯುತ್ತ, ಬೆಂಕಿ ಹೊತ್ತಿಕೊಂಡರೂ ಬಿಡದೆ ಅಂಕ ಗಳಿಸುವುದರಲ್ಲೇ ತೊಡಗಿತು. ಅದಕ್ಕೆ ಒಪ್ಪಿಸಿದ್ದು ಅಂಕದ ಲೆಕ್ಕವನ್ನು. ಪಂದ್ಯ ಮುಗಿಸಬೇಕೆಂಬ ಆಸೆ ಕಲಿಸಿದವರ ಮನಸ್ಸಿನಲ್ಲೇ ಉಳಿದಿತ್ತು. ಆಟದಲ್ಲಿ ಇದರಿಂದ ಯಾರಿಗೂ ಹಾನಿಯಾಗದು. ಇಂತಹ ವ್ಯವಸ್ಥೆಗಳಿಗೆ ವಿದ್ಯುತ್ ಜಾಲವನ್ನೋ ಆಯುಧಗಳನ್ನೋ ಒಪ್ಪಿಸಿದಾಗ ಹಾಗೆನ್ನಲಾಗದು. ತಡೆಯಲು ಸಾಧ್ಯವಾಗದಷ್ಟು ವೇಗದಲ್ಲಿ ಕೆಲಸ ಮಾಡುವ ಯಂತ್ರಕ್ಕೆ ನಾವು ಕೊಡುವ ಉದ್ದೇಶ, ನಾವು ನಿಜವಾಗಿ ಬಯಸುವ ಉದ್ದೇಶವೇ ಹೌದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು ಎಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಇದಕ್ಕೆ ಉಪಾಯವೇ ಇಲ್ಲವೆಂದು ನಾನು ನಂಬುವುದಿಲ್ಲ. 1987ರ ಕುಸಿತದ ನಂತರ ಅಮೆರಿಕದ ಷೇರುಪೇಟೆಗಳು, ಬೆಲೆ ಒಂದು ಮಿತಿ ಮೀರಿ ಇಳಿದೊಡನೆ ವಹಿವಾಟು ತಾನಾಗಿಯೇ ಸ್ಥಗಿತಗೊಳ್ಳುವ ನಿಯಮ ತಂದವು. ಆ ಬಿಡುವು ಮನುಷ್ಯರಿಗೆ ಯೋಚಿಸಲೆಂದೇ ಇರುವುದು. ಯಾರಾದರೂ ಗುಂಡಿ ಒತ್ತುವವರೆಗೆ ಅದು ಕಾಯುವುದಿಲ್ಲ. ಯಾವುದೇ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ‘ಅಂತಿಮ ನಿರ್ಧಾರ ಮನುಷ್ಯನದೇ’ ಎಂಬ ಭರವಸೆ ಕೇಳಿದಾಗಲೆಲ್ಲ, ಆ ಮನುಷ್ಯನಿಗೆ ಎಷ್ಟು ಸೆಕೆಂಡುಗಳು ಸಿಗುತ್ತವೆ, ಅವನ ಮುಂದಿರುವ ಪರದೆ ಏನನ್ನು ತೋರಿಸುತ್ತದೆ, ಬೇಡವೆಂದರೆ ಅವನ ಕೆಲಸ ಉಳಿಯುತ್ತದೆಯೇ ಎಂಬುದನ್ನು ಲಿಖಿತವಾಗಿ ಕೊಡುವಂತೆ ನಾವು ಒತ್ತಾಯಿಸಬೇಕು.